ವೈದ್ಯಕೀಯ ಸಂಶೋಧನೆಯ ವೃತ್ತಿ, ಸಂಸ್ಥೆಯ ಹೊಣೆ: ದಾವಣಗೆರೆ, ಚಿತ್ರದುರ್ಗದಿಂದ ಪದೇ ಪದೇ ಬರುವ ಪ್ರಶ್ನೆಗಳು

ಪಿಯುಸಿ ಮಕ್ಕಳ ತಂದೆ ತಾಯಿ, ಮೆಡಿಕಲ್ ಕಾಲೇಜುಗಳ ವಿದ್ಯಾರ್ಥಿಗಳು, ಥೀಸಿಸ್ ಬರೆಯುತ್ತಿರುವ ಪಿಜಿಗಳು, ಹೊಸದಾಗಿ ಆಡಳಿತದ ಹೊಣೆ ಹೊತ್ತ ಪ್ರಾಧ್ಯಾಪಕರು ಮಾತಿನಲ್ಲಿ, ಪತ್ರದಲ್ಲಿ ಮತ್ತೆ ಮತ್ತೆ ಕೇಳುವ ಪ್ರಶ್ನೆಗಳು ಇಲ್ಲಿವೆ. ಪ್ರಶ್ನೆಗಳನ್ನು ಕೇಳಿದವರ ಮಾತಿನಲ್ಲೇ ಇಟ್ಟಿದ್ದೇವೆ. ನಿಮಗೆ ಬೇಕಾದ ಪ್ರಶ್ನೆಗೆ ನೇರವಾಗಿ ಹೋಗಬಹುದು.

## ದಾರಿ ಹುಡುಕುವವರಿಗೆ

ಮೆಡಿಕಲ್ ರಿಸರ್ಚ್ ಮಾಡ್ಬೇಕು ಅಂದ್ರೆ ಎಂಬಿಬಿಎಸ್ ಓದಲೇಬೇಕೇನ್ರಿ?

ಓದಲೇಬೇಕೆಂದಿಲ್ಲ. ಒಂದು ದಾರಿ ನಾಲ್ಕೂವರೆ ವರ್ಷದ ಎಂಬಿಬಿಎಸ್, ಒಂದು ವರ್ಷ ಹೌಸ್ ಸರ್ಜನ್ಸಿ, ಆಮೇಲೆ ಮೂರು ವರ್ಷದ ಎಂಡಿ. ಇನ್ನೊಂದು ದಾರಿ ಬಿಎಸ್ಸಿ, ಎಂಎಸ್ಸಿ, ನೆಟ್ ಪರೀಕ್ಷೆ, ಪಿಎಚ್‌ಡಿ. ಬಯೋಕೆಮಿಸ್ಟ್ರಿ, ಮೈಕ್ರೋಬಯಾಲಜಿ, ಜೆನೆಟಿಕ್ಸ್, ಸಂಖ್ಯಾಶಾಸ್ತ್ರ ಓದಿದವರು ಈ ದಾರಿಯಲ್ಲಿ ಬರುತ್ತಾರೆ. ರೋಗಿಗೆ ಔಷಧ ಬರೆದುಕೊಡುವ ಅಧಿಕಾರ ನೋಂದಾಯಿತ ವೈದ್ಯರಿಗೆ ಇರುವುದರಿಂದ ಔಷಧ ಪ್ರಯೋಗಗಳನ್ನು ಮುನ್ನಡೆಸುವವರು ಹೆಚ್ಚಾಗಿ ವೈದ್ಯರೇ. ಲ್ಯಾಬ್ ಕೆಲಸಕ್ಕೆ, ದತ್ತಾಂಶ ವಿಶ್ಲೇಷಣೆಗೆ ಆ ಕಟ್ಟಿಲ್ಲ. ಗಣಿತದಲ್ಲಿ ಕೈಯಿರುವ ಮಕ್ಕಳಿಗೆ ಬಯೋಸ್ಟ್ಯಾಟಿಸ್ಟಿಕ್ಸ್, ಅಂದರೆ ವೈದ್ಯಕೀಯ ದತ್ತಾಂಶದ ಸಂಖ್ಯಾಶಾಸ್ತ್ರ, ಇದೆ ಎಂದು ಯಾರೂ ಹೇಳುವುದೇ ಇಲ್ಲ. ಒಳ್ಳೆಯ ಸಂಖ್ಯಾಶಾಸ್ತ್ರಜ್ಞರಿಗಾಗಿ ಎಲ್ಲ ಮೆಡಿಕಲ್ ಕಾಲೇಜುಗಳೂ ಹುಡುಕಾಡುತ್ತಿವೆ.

ಮಗಳು ದಾವಣಗೆರೆಯಲ್ಲಿ ಎಂಬಿಬಿಎಸ್ ಎರಡನೇ ವರ್ಷ. ಈಗಿಂದಲೇ ಏನಾದ್ರೂ ಶುರು ಮಾಡಬಹುದಾ?

ಮಾಡಬಹುದು. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ, ಅಂದರೆ ಐಸಿಎಂಆರ್, 1979ರಿಂದ ಎಸ್‌ಟಿಎಸ್ ಎಂಬ ಅಲ್ಪಾವಧಿ ವಿದ್ಯಾರ್ಥಿವೇತನ ನಡೆಸುತ್ತಿದೆ. ಅವಧಿ ಎರಡು ತಿಂಗಳು. ತಮ್ಮದೇ ಕಾಲೇಜಿನ ಪೂರ್ಣಾವಧಿ ಅಧ್ಯಾಪಕರೊಬ್ಬರು ಗೈಡ್ ಆಗಬೇಕು. ಹೌಸ್ ಸರ್ಜನ್ಸಿಗೆ ಬಂದ ಮೇಲೆ ಅರ್ಜಿ ಹಾಕಲು ಆಗುವುದಿಲ್ಲ. ಹಾಗಾಗಿ ಎರಡನೇ ವರ್ಷ ಇದಕ್ಕೆ ಸರಿಯಾದ ಸಮಯ.

ಇಲ್ಲಿ ಎಡವುವುದು ಸಾಮಾನ್ಯವಾಗಿ ಎರಡು ಕಡೆ. ಮೊದಲನೆಯದು ಪ್ರಶ್ನೆಯ ಅಳತೆ. "ಸಕ್ಕರೆ ಕಾಯಿಲೆಯ ಅಧ್ಯಯನ" ಎರಡು ತಿಂಗಳಲ್ಲಿ ಮುಗಿಯುವ ಕೆಲಸವಲ್ಲ. "ನಮ್ಮ ಓಪಿಡಿಗೆ ಬರುವ ಸಕ್ಕರೆ ಕಾಯಿಲೆಯವರಲ್ಲಿ ಎಷ್ಟು ಮಂದಿ ಇನ್ಸುಲಿನ್ ಸೂಜಿಯನ್ನು ಮತ್ತೆ ಮತ್ತೆ ಅದೇ ಜಾಗಕ್ಕೆ ಚುಚ್ಚಿಕೊಳ್ಳುತ್ತಾರೆ" ಎಂಬುದು ಮುಗಿಯುತ್ತದೆ. ಎರಡನೆಯದು ಎಥಿಕ್ಸ್ ಕಮಿಟಿಯ, ಅಂದರೆ ಸಂಶೋಧನೆಗೆ ಒಳಗಾಗುವವರ ಹಿತ ಕಾಯುವ ಸಮಿತಿಯ, ಅನುಮತಿ. ಪ್ರಸ್ತಾವ ಒಪ್ಪಿಗೆಯಾದ ಮೇಲೆ ಕಮಿಟಿಗೆ ಕೊಟ್ಟರಾಯಿತು ಎಂದು ಕುಳಿತವರಿಗೆ ಎರಡು ತಿಂಗಳು ಕಾಯುವುದರಲ್ಲೇ ಹೋಗುತ್ತದೆ. ಎರಡೂ ಕೆಲಸ ಜೊತೆಜೊತೆಗೇ ನಡೆಯಬೇಕು.

ಬೆಂಗಳೂರು, ದೆಹಲಿ ಬಿಟ್ಟು ನಮ್ಮಂಥ ಊರಲ್ಲಿ ಕೂತು ಏನು ರಿಸರ್ಚ್ ಆಗುತ್ತೆ?

1957ರಲ್ಲಿ ಪಕ್ಕದ ಶಿವಮೊಗ್ಗ ಜಿಲ್ಲೆಯ ಸೊರಬದ ಕಾಡಂಚಿನಲ್ಲಿ ಮಂಗಗಳು ಸಾಯುತ್ತಿದ್ದವು, ಜನರಿಗೆ ಜ್ವರ ಬರುತ್ತಿತ್ತು. ಪುಣೆಯ ವೈರಸ್ ಸಂಶೋಧನಾ ಕೇಂದ್ರದವರು ಅಲ್ಲಿಗೇ ಬಂದರು, ಹೊಸ ವೈರಾಣು ಸಿಕ್ಕಿತು. ಮಂಗನ ಕಾಯಿಲೆಗೆ ಇವತ್ತಿಗೂ ಜಗತ್ತಿನ ಪುಸ್ತಕಗಳಲ್ಲಿ ಕ್ಯಾಸನೂರು ಕಾಡಿನ ಹೆಸರೇ ಇದೆ. ರೋಗ ಎಲ್ಲಿದೆಯೋ ಪ್ರಶ್ನೆಯೂ ಅಲ್ಲೇ ಇರುತ್ತದೆ.

ನಮ್ಮಲ್ಲೇ ಇರುವ ಎರಡು ವಿಷಯಗಳನ್ನು ನೋಡಿ.

ಒಂದು, ದಾವಣಗೆರೆಯ ಮಂಡಕ್ಕಿ ಭಟ್ಟಿ. ಕಾದ ಮರಳು, ಹೊಗೆ, ಧೂಳಿನ ನಡುವೆ ದಿನವಿಡೀ ದುಡಿಯುವವರ ಶ್ವಾಸಕೋಶ ಹೇಗಿದೆ ಎಂದು ತಿಳಿಯಲು ಬೇಕಾದ ಮುಖ್ಯ ಸಾಧನ ಒಂದು ಸ್ಪೈರೋಮೀಟರ್, ಅಂದರೆ ಊದಿದ ಉಸಿರನ್ನು ಅಳೆಯುವ ಯಂತ್ರ. ಪ್ರತಿದಿನ ಬೆಳಿಗ್ಗೆ ಅದನ್ನು 3 ಲೀಟರ್ ಸಿರಿಂಜ್‌ನಿಂದ ಪರೀಕ್ಷಿಸಬೇಕು. ಯಂತ್ರ ತೋರಿಸುವ ಅಂಕಿ ಶೇ 3ಕ್ಕಿಂತ ಹೆಚ್ಚು ಆಚೀಚೆ ಆದರೆ ಅವತ್ತು ಅಳತೆ ಮಾಡುವಂತಿಲ್ಲ. ಒಬ್ಬೊಬ್ಬರಿಂದ ಕನಿಷ್ಠ ಮೂರು ಸರಿಯಾದ ಊದು ಬೇಕು, ಅವುಗಳಲ್ಲಿ ದೊಡ್ಡ ಎರಡರ ನಡುವಿನ ವ್ಯತ್ಯಾಸ 150 ಮಿಲಿಲೀಟರ್ ಮೀರಬಾರದು. ಒಬ್ಬರಿಗೆ 15 ನಿಮಿಷ ಹಿಡಿಯುತ್ತದೆ. ಬೆಳಗಿನ ಹೊತ್ತಿಗೆ 40 ಜನರನ್ನು ಮುಗಿಸುತ್ತೇವೆ ಎಂಬ ಯೋಜನೆ ಅಲ್ಲೇ ಕುಸಿಯುತ್ತದೆ. ಬೀಡಿ ಸೇದುವವರನ್ನು, ಮನೆಯಲ್ಲಿ ಸೌದೆ ಒಲೆ ಇರುವವರನ್ನು ಬೇರೆಯಾಗಿ ಗುರುತಿಸಿಕೊಳ್ಳದಿದ್ದರೆ ತೊಂದರೆ ಯಾವ ಹೊಗೆಯಿಂದ ಬಂತೆಂದು ಹೇಳಲಾಗದು. ಇನ್ನೊಂದು ಸೂಕ್ಷ್ಮವಿದೆ. ಉಸಿರಾಟ ಕೆಟ್ಟವರು ಆಗಲೇ ಭಟ್ಟಿ ಬಿಟ್ಟು ಮನೆಯಲ್ಲಿ ಕುಳಿತಿರುತ್ತಾರೆ. ಭಟ್ಟಿಯಲ್ಲಿ ಇರುವವರನ್ನಷ್ಟೇ ಅಳೆದರೆ "ಎಲ್ಲರೂ ಗಟ್ಟಿಯಾಗಿದ್ದಾರೆ" ಎಂಬ ಸುಳ್ಳು ಉತ್ತರ ಬರುತ್ತದೆ. ಕೆಲಸ ಬಿಟ್ಟವರ ಪಟ್ಟಿ ಹಿಡಿದು ಮನೆ ಮನೆಗೆ ಹೋಗಲೇಬೇಕು.

ಎರಡು, ಚಿತ್ರದುರ್ಗ ಜಿಲ್ಲೆ ಮತ್ತು ಜಗಳೂರು ಕಡೆಯ ಬೋರ್‌ವೆಲ್ ನೀರಿನ ಫ್ಲೋರೈಡ್. ಕುಡಿಯುವ ನೀರಿಗೆ ಭಾರತೀಯ ಮಾನಕ ಹೇಳುವುದು ಲೀಟರಿಗೆ 1 ಮಿಲಿಗ್ರಾಂ. ಬೇರೆ ನೀರೇ ಇಲ್ಲದ ಕಡೆ 1.5ರವರೆಗೆ. ಸ್ಯಾಂಪಲ್ ಹಿಡಿಯಲು ಪ್ಲಾಸ್ಟಿಕ್ ಬಾಟಲಿಯೇ ಆಗಬೇಕು, ಏಕೆಂದರೆ ಫ್ಲೋರೈಡ್ ಗಾಜಿನ ಜೊತೆ ವರ್ತಿಸುತ್ತದೆ. ಪಂಪನ್ನು ಕೆಲವು ನಿಮಿಷ ಓಡಿಸಿ, ಅದೇ ನೀರಿನಲ್ಲಿ ಬಾಟಲಿಯನ್ನು ಮೂರು ಸಲ ತೊಳೆದು ತುಂಬಿಸಿ. ಚೀಟಿಯ ಮೇಲೆ ಪಾರದರ್ಶಕ ಟೇಪ್ ಅಂಟಿಸದಿದ್ದರೆ ಲ್ಯಾಬ್ ಮುಟ್ಟುವಷ್ಟರಲ್ಲಿ ಶಾಯಿ ಅಳಿಸಿ ಯಾವ ಊರಿನ ನೀರೆಂದೇ ತಿಳಿಯುವುದಿಲ್ಲ. ಮಕ್ಕಳ ಹಲ್ಲು ನೋಡುವಾಗ ಹತ್ತಿಯಿಂದ ಒರೆಸಿ, ಹಗಲು ಬೆಳಕಿನಲ್ಲಿ ನೋಡಬೇಕು. ಎಲ್ಲಕ್ಕಿಂತ ಮುಖ್ಯವಾದ ಪ್ರಶ್ನೆ "ಮಗು ಈಗ ಎಲ್ಲಿದೆ" ಎಂಬುದಲ್ಲ, "ಹುಟ್ಟಿನಿಂದ ಎಂಟು ವರ್ಷದವರೆಗೆ ಯಾವ ಊರಿನ ನೀರು ಕುಡಿದಿದೆ" ಎಂಬುದು. ಹಲ್ಲಿನ ಎನಾಮಲ್ ಕಟ್ಟುವುದು ಆ ವಯಸ್ಸಿನಲ್ಲಿ. ಅಜ್ಜಿಯ ಊರಲ್ಲಿ ಬೆಳೆದು ಹೋದ ವರ್ಷ ಬಂದ ಹುಡುಗನ ಹಲ್ಲಿನ ಕಲೆಗೆ ಈ ಊರಿನ ಬೋರ್‌ವೆಲ್ ಕಾರಣವಲ್ಲ.

ಚಳ್ಳಕೆರೆ ಹತ್ತಿರ ಐಐಎಸ್ಸಿ ಬಂದಿದೆಯಲ್ಲ, ಅಲ್ಲಿ ಮೆಡಿಕಲ್ ರಿಸರ್ಚ್‌ಗೆ ಸೇರಬಹುದಾ?

ಕುದಾಪುರದ ಆ ಕ್ಯಾಂಪಸ್ ವಿಜ್ಞಾನ ಶಿಕ್ಷಕರ ತರಬೇತಿಗೆ ಹೆಸರಾದದ್ದು. ಐಐಎಸ್ಸಿಯ ವೈದ್ಯಕೀಯ ಶಾಲೆ ಬೆಂಗಳೂರು ಕ್ಯಾಂಪಸ್‌ನ ಯೋಜನೆ.

## ಥೀಸಿಸ್, ಪ್ರಾಜೆಕ್ಟ್ ಹಿಡಿದವರಿಗೆ

ಎಲ್ಲರ ಥೀಸಿಸ್‌ನಲ್ಲೂ ಸ್ಯಾಂಪಲ್ ಸೈಜ್ 384 ಅಂತ ಇರುತ್ತೆ. ನಾನೂ ಅದೇ ಬರೆದ್ರೆ ಆಯ್ತಲ್ವಾ?

ಆಗುವುದಿಲ್ಲ. ಸ್ಯಾಂಪಲ್ ಸೈಜ್ ಎಂದರೆ ಅಧ್ಯಯನಕ್ಕೆ ಬೇಕಾದ ಜನರ ಸಂಖ್ಯೆ. 384 ಬರುವುದು ರೋಗ ಶೇ 50 ಜನರಲ್ಲಿದೆ, ಶೇ 5ರಷ್ಟು ಆಚೀಚೆ ಆದರೆ ಪರವಾಗಿಲ್ಲ ಎಂದು ಹಿಡಿದಾಗ: 1.96ರ (ಶೇ 95 ಖಚಿತತೆಗೆ ಬಳಸುವ ಅಂಕಿ) ವರ್ಗವನ್ನು 0.5 ಮತ್ತು 0.5ರಿಂದ ಗುಣಿಸಿ, 0.05ರ ವರ್ಗದಿಂದ ಭಾಗಿಸಿದರೆ 384.16. ನಿಯಮದಂತೆ ಅದನ್ನು ಮೇಲಕ್ಕೇರಿಸಿ 385 ಎನ್ನಬೇಕು.

ನಿಮ್ಮ ರೋಗ ಶೇ 10 ಜನರಲ್ಲಿ ಇದೆ ಅನ್ನಿ. ಅದೇ ಶೇ 5ರ ಸಡಿಲ ಇಟ್ಟರೆ ಉತ್ತರ "5ರಿಂದ 15ರ ನಡುವೆ ಎಲ್ಲೋ" ಎಂದಾಗುತ್ತದೆ. ಅದರಿಂದ ಯಾರಿಗೂ ಪ್ರಯೋಜನವಿಲ್ಲ. ಸಡಿಲವನ್ನು ಶೇ 2ಕ್ಕೆ ಇಳಿಸಿದರೆ 865 ಜನ ಬೇಕು. ಹಳ್ಳಿ ಹಳ್ಳಿಯಾಗಿ ಆರಿಸುವುದಾದರೆ ಒಂದೇ ಹಳ್ಳಿಯವರು ಒಂದೇ ನೀರು, ಒಂದೇ ಊಟದವರಾದ್ದರಿಂದ ಒಬ್ಬರಿಗೊಬ್ಬರು ಹೋಲುತ್ತಾರೆ. ಅದಕ್ಕಾಗಿ ಸಂಖ್ಯೆಯನ್ನು ಸಾಮಾನ್ಯವಾಗಿ ಒಂದೂವರೆ, ಎರಡು ಪಟ್ಟು ಮಾಡುತ್ತಾರೆ. ಸುಗ್ಗಿ ಕಾಲದಲ್ಲಿ ಮನೆಗೆ ಬೀಗ ಇರುತ್ತದೆ ಎಂಬುದನ್ನೂ ಲೆಕ್ಕಕ್ಕೆ ತನ್ನಿ. ಶೇ 10 ಮಂದಿ ಸಿಗುವುದಿಲ್ಲವೆಂದರೆ 385ನ್ನು 0.9ರಿಂದ ಭಾಗಿಸಿ 428 ಮಾಡಿಕೊಳ್ಳಬೇಕು. ಸಂಖ್ಯಾಶಾಸ್ತ್ರಜ್ಞರ ಬಳಿ ಸಿನಾಪ್ಸಿಸ್ (ಥೀಸಿಸ್‌ನ ಆರಂಭಿಕ ಯೋಜನೆ) ಬರೆಯುವ ಮೊದಲೇ ಹೋಗಿ. ದತ್ತಾಂಶ ಎಲ್ಲ ಕೈಗೆ ಬಂದ ಮೇಲೆ ಹೋದರೆ ಅವರು ಮಾಡಬಹುದಾದದ್ದು ಬಹಳ ಕಡಿಮೆ.

ರಕ್ತ ತೆಗೆಯಲ್ಲ, ಬರೀ ಪ್ರಶ್ನೆ ಕೇಳ್ತೀವಿ. ಅದಕ್ಕೂ ಎಥಿಕ್ಸ್ ಕಮಿಟಿ ಬೇಕಾ?

ಬೇಕು. ನಿಮ್ಮ ಕೆಲಸಕ್ಕೆ ಪೂರ್ಣ ಪರಿಶೀಲನೆ ಬೇಡ ಎಂದು ತೀರ್ಮಾನಿಸುವುದೂ ಕಮಿಟಿಯೇ, ನೀವಲ್ಲ. ಐಸಿಎಂಆರ್‌ನ 2017ರ ಮಾರ್ಗಸೂಚಿಯಂತೆ ಕಮಿಟಿಯಲ್ಲಿ 7ರಿಂದ 15 ಮಂದಿ ಇರಬೇಕು, ಅಧ್ಯಕ್ಷರು ಸಂಸ್ಥೆಯ ಹೊರಗಿನವರಾಗಿರಬೇಕು. ಕೆಲಸ ಶುರು ಮಾಡಿ ಆಮೇಲೆ ಅನುಮತಿ ಕೇಳಿದರೆ ಸಿಗುವುದಿಲ್ಲ. ಚಿಕಿತ್ಸೆಯ ಪ್ರಯೋಗವಾದರೆ ಮೊದಲ ರೋಗಿಯನ್ನು ಸೇರಿಸುವ ಮುನ್ನವೇ ಸಿಟಿಆರ್‌ಐ, ಅಂದರೆ ಚಿಕಿತ್ಸಾ ಪ್ರಯೋಗಗಳ ರಾಷ್ಟ್ರೀಯ ದಾಖಲಾತಿಯಲ್ಲಿ, ನೋಂದಣಿ ಆಗಿರಬೇಕು. 2018ರ ಏಪ್ರಿಲ್‌ನಿಂದ ಅಲ್ಲಿ ಹಿಂದಿನ ದಿನಾಂಕದ ನೋಂದಣಿ ತೆಗೆದುಕೊಳ್ಳುವುದಿಲ್ಲ.

ಒಪ್ಪಿಗೆ ಪತ್ರದ ಕನ್ನಡದ ಬಗ್ಗೆ ಒಂದು ಮಾತು. "ತಮ್ಮನ್ನು ಯಾದೃಚ್ಛಿಕವಾಗಿ ಗುಂಪಿಗೆ ನಿಯೋಜಿಸಲಾಗುವುದು" ಎಂದು ಬರೆದದ್ದು ಹೊಳಲ್ಕೆರೆಯಿಂದ ಬಸ್ ಹತ್ತಿ ಬಂದ ಅಜ್ಜನಿಗೆ ಅರ್ಥವಾಗುವುದಿಲ್ಲ. "ಎರಡು ಚಿಕಿತ್ಸೆ ಇವೆ. ನಿಮಗೆ ಯಾವುದು ಎಂದು ನಾವೂ ಆರಿಸುವುದಿಲ್ಲ, ನೀವೂ ಆರಿಸುವುದಿಲ್ಲ. ಚೀಟಿ ಎತ್ತಿದ ಹಾಗೆ ಬರುತ್ತದೆ. ಬೇಡ ಅನ್ನಿಸಿದರೆ ಯಾವಾಗ ಬೇಕಾದರೂ ಬಿಡಬಹುದು, ನಿಮ್ಮ ಮಾಮೂಲಿ ಚಿಕಿತ್ಸೆ ನಿಲ್ಲುವುದಿಲ್ಲ" ಎಂದು ಬರೆದರೆ ಅರ್ಥವಾಗುತ್ತದೆ. ಹೆಬ್ಬೆಟ್ಟು ಒತ್ತುವವರಿದ್ದರೆ ತಂಡಕ್ಕೆ ಸೇರದ ಸಾಕ್ಷಿಯೊಬ್ಬರು ಅಲ್ಲೇ ಇರಬೇಕು. ನಿಮ್ಮದೇ ವಾರ್ಡಿನ ಪಿಜಿ ಸಾಕ್ಷಿ ಹಾಕುವುದು ತಪ್ಪು. ಮಕ್ಕಳಾದರೆ ತಂದೆ ತಾಯಿಯ ಸಹಿ ಸಾಲದು: 7ರಿಂದ 12ರವರನ್ನು ಬಾಯಲ್ಲಿ ಕೇಳಬೇಕು, 12 ದಾಟಿದವರಿಂದ ಬರವಣಿಗೆಯಲ್ಲಿ ಸಮ್ಮತಿ ಪಡೆಯಬೇಕು.

ನಮ್ಮೂರಿಗೆ ಬಂದು ರಕ್ತ ತಗೊಂಡು ಹೋದ್ರು, ರಿಪೋರ್ಟ್ ಕೊಡಲೇ ಇಲ್ಲ. ಯಾರನ್ನ ಕೇಳೋದು?

ಸಹಿ ಮಾಡಿಸಿಕೊಂಡಾಗ ಕೊಟ್ಟ ಮಾಹಿತಿ ಪತ್ರದಲ್ಲಿ ಸಂಶೋಧಕರ ಫೋನ್ ನಂಬರೂ ಎಥಿಕ್ಸ್ ಕಮಿಟಿಯ ಸದಸ್ಯ ಕಾರ್ಯದರ್ಶಿಯ ನಂಬರೂ ಇರಬೇಕು. ಪತ್ರದ ಒಂದು ಪ್ರತಿ ನಿಮ್ಮ ಮನೆಯಲ್ಲಿ ಉಳಿಯಬೇಕು. ಮೊದಲು ಸಂಶೋಧಕರನ್ನು ಕೇಳಿ. ಉತ್ತರ ಬಾರದಿದ್ದರೆ ಕಮಿಟಿಗೆ ಒಂದು ಹಾಳೆಯಲ್ಲಿ ಬರೆದುಕೊಡಿ. ಅದನ್ನು ದೂರಾಗಿ ಸ್ವೀಕರಿಸುವುದು ಅವರ ಕರ್ತವ್ಯ.

ಇದೇ ಪ್ರಶ್ನೆಯನ್ನು ಸಂಶೋಧಕರೂ ಓದಬೇಕು. ಹಿಮೋಗ್ಲೋಬಿನ್ 6 ಇದ್ದ ಗರ್ಭಿಣಿಯ ಫಲಿತಾಂಶ ಎಕ್ಸೆಲ್ ಹಾಳೆಯಲ್ಲಿ ಮೂರು ತಿಂಗಳು ಕುಳಿತರೆ ಆ ಅಧ್ಯಯನಕ್ಕೆ ಅರ್ಥವಿಲ್ಲ. ಯಾವ ಸಂಖ್ಯೆ ಬಂದರೆ ಅದೇ ದಿನ ಆಶಾ ಕಾರ್ಯಕರ್ತೆಗೆ ಫೋನ್ ಹೋಗಬೇಕು ಎಂಬುದನ್ನು ಪ್ರೋಟೋಕಾಲಿನಲ್ಲೇ ಬರೆದಿಡಿ. ಉಳಿದವರ ರಿಪೋರ್ಟ್ ಕೊಡಲು ಮತ್ತೊಂದು ಓಡಾಟದ ಖರ್ಚನ್ನು ಬಜೆಟ್ಟಿನಲ್ಲೇ ಸೇರಿಸಿ.

ಹಳ್ಳಿಯಿಂದ ತಂದ ಸ್ಯಾಂಪಲ್‌ಗಳಲ್ಲಿ ಪೊಟ್ಯಾಸಿಯಂ ಎಲ್ಲರಿಗೂ ಜಾಸ್ತಿ ಬರ್ತಿದೆ. ಐಸ್‌ನಲ್ಲೇ ಇಟ್ಟು ತಂದಿದ್ವಿ.

ಬೇರ್ಪಡಿಸದ ರಕ್ತವನ್ನು ಐಸ್‌ನಲ್ಲಿ ಇಟ್ಟದ್ದೇ ಕಾರಣವಾಗಿರಬಹುದು. ಕೆಂಪುರಕ್ತಕಣದೊಳಗೆ ಪೊಟ್ಯಾಸಿಯಂ ಹಿಡಿದಿಡುವ ಪಂಪ್ ಚಳಿಗೆ ನಿಧಾನವಾಗುತ್ತದೆ, ಪೊಟ್ಯಾಸಿಯಂ ಹೊರಗೆ ಸೋರುತ್ತದೆ. ಕಣ ಒಡೆದಿರುವುದಿಲ್ಲವಾದ್ದರಿಂದ ಸೀರಂ ಕೆಂಪಾಗುವುದೂ ಇಲ್ಲ, ತಪ್ಪು ಕಣ್ಣಿಗೆ ಬೀಳುವುದಿಲ್ಲ.

ಸರಿಯಾದ ಕ್ರಮ ಹೀಗಿದೆ. ರಕ್ತವನ್ನು ಕೋಣೆಯ ತಾಪದಲ್ಲಿ ನೆಟ್ಟಗೆ ನಿಲ್ಲಿಸಿ 30 ನಿಮಿಷ ಹೆಪ್ಪುಗಟ್ಟಲು ಬಿಡಿ. ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲೇ ಸೆಂಟ್ರಿಫ್ಯೂಜ್ ಮಾಡಿ, ರಕ್ತ ತೆಗೆದ ಎರಡು ಗಂಟೆಯೊಳಗೆ ಸೀರಂ ಅನ್ನು ಬೇರೆ ಟ್ಯೂಬಿಗೆ ಹಾಕಿ. ಐಸ್ ಪ್ಯಾಕ್ ಇರುವ ಥರ್ಮಾಕೋಲ್ ಪೆಟ್ಟಿಗೆಗೆ ಹೋಗಬೇಕಾದದ್ದು ಆ ಸೀರಂ. ಗ್ಲೂಕೋಸ್‌ಗೆ ಬೂದು ಮುಚ್ಚಳದ ಟ್ಯೂಬ್ ಬೇಕು. ಮಾಮೂಲಿ ಟ್ಯೂಬಿನಲ್ಲಿ ಗಂಟೆಗೆ ಶೇ 5ರಿಂದ 7ರಷ್ಟು ಸಕ್ಕರೆ ಇಳಿಯುತ್ತದೆ. ಪೊಟ್ಯಾಸಿಯಂ ಹೆಚ್ಚಿದ್ದು ಕ್ಯಾಲ್ಸಿಯಂ ವಿಪರೀತ ಕಡಿಮೆ ಇದ್ದರೆ ನೇರಳೆ ಮುಚ್ಚಳದ ಟ್ಯೂಬಿನಲ್ಲಿರುವ, ರಕ್ತ ಹೆಪ್ಪುಗಟ್ಟದಂತೆ ತಡೆಯುವ ಇಡಿಟಿಎ ಬೆರೆತಿದೆ ಎಂದು ಅನುಮಾನಿಸಿ. ಕೆಂಪು ಟ್ಯೂಬ್ ಮೊದಲು, ನೇರಳೆ ಆಮೇಲೆ.

ಎಚ್ಒಡಿ ಹೆಸರು ಪೇಪರಿನಲ್ಲಿ ಹಾಕಲೇಬೇಕಾ ಮೇಡಂ?

ವಿಭಾಗದ ಮುಖ್ಯಸ್ಥರೆಂಬ ಕಾರಣಕ್ಕೆ ಹಾಕುವಂತಿಲ್ಲ. ವೈದ್ಯಕೀಯ ಪತ್ರಿಕೆಗಳ ಸಂಪಾದಕರ ಅಂತರರಾಷ್ಟ್ರೀಯ ಸಮಿತಿ ನಾಲ್ಕು ಷರತ್ತು ಇಟ್ಟಿದೆ: ಯೋಜನೆಯಲ್ಲೋ ದತ್ತಾಂಶದಲ್ಲೋ ಗಣನೀಯ ಕೆಲಸ, ಬರೆಯುವುದರಲ್ಲಿ ಅಥವಾ ತಿದ್ದುವುದರಲ್ಲಿ ಪಾಲು, ಅಂತಿಮ ಪ್ರತಿಗೆ ಒಪ್ಪಿಗೆ, ನಾಳೆ ಪ್ರಶ್ನೆ ಬಂದರೆ ಉತ್ತರಿಸುವ ಹೊಣೆ. ನಾಲ್ಕೂ ಇದ್ದವರು ಲೇಖಕರು. ಅನುಮತಿ ಕೊಟ್ಟವರಿಗೆ, ಯಂತ್ರ ಬಿಟ್ಟುಕೊಟ್ಟವರಿಗೆ ಕೃತಜ್ಞತೆಯ ಸಾಲು ಇದೆ. ಇದನ್ನು ಕೊನೆಯಲ್ಲಿ ಮಾತಾಡಲು ಕಷ್ಟ. ಸಿನಾಪ್ಸಿಸ್ ಹಂತದಲ್ಲೇ ಯಾರು ಏನು ಮಾಡುತ್ತಾರೆ, ಹೆಸರಿನ ಕ್ರಮ ಏನು ಎಂದು ಒಂದು ಹಾಳೆಯಲ್ಲಿ ಬರೆದು ಎಲ್ಲರಿಗೂ ಕಳಿಸಿಬಿಡಿ.

ಒಂದು ವಾರದಲ್ಲಿ ಪೇಪರ್ ಹಾಕ್ತೀವಿ ಅಂತ ಮೇಲ್ ಬಂದಿದೆ. ಪ್ರಮೋಷನ್‌ಗೆ ನಡೆಯುತ್ತಾ?

ಕಳಿಸಬೇಡಿ. ಇಬ್ಬರು ತಜ್ಞರು ಓದಿ, ತಿದ್ದಲು ಹೇಳಿ, ನೀವು ತಿದ್ದಿ ಕಳಿಸಲು ತಿಂಗಳುಗಳು ಬೇಕು. ಒಂದು ವಾರದ ಒಪ್ಪಿಗೆ ಎಂದರೆ ಯಾರೂ ಓದಿಲ್ಲ. ಪತ್ರಿಕೆ ಮೆಡ್‌ಲೈನ್ ಎಂಬ ವೈದ್ಯಕೀಯ ಲೇಖನಗಳ ಸೂಚಿಯಲ್ಲಿ ಇದೆಯೇ ಎಂದು ಅಮೆರಿಕದ ರಾಷ್ಟ್ರೀಯ ವೈದ್ಯಕೀಯ ಗ್ರಂಥಾಲಯದ ಪಟ್ಟಿಯಲ್ಲಿ ನೀವೇ ಹುಡುಕಿ. ಪತ್ರಿಕೆಯ ಜಾಲತಾಣದಲ್ಲಿ ಹಾಕಿಕೊಂಡ ಲೋಗೋ ನಂಬಬೇಡಿ. ಒಮ್ಮೆ ಅಲ್ಲಿ ಅಚ್ಚಾದ ದತ್ತಾಂಶವನ್ನು ಬೇರೆ ಒಳ್ಳೆಯ ಪತ್ರಿಕೆ ತೆಗೆದುಕೊಳ್ಳುವುದಿಲ್ಲ. ಎರಡು ವರ್ಷದ ದುಡಿಮೆ ಅಲ್ಲಿಗೆ ಹೋಯಿತು.

## ಸಂಸ್ಥೆಯ ಹೊಣೆ ಹೊರುವವರಿಗೆ

ಸೈಂಟಿಸ್ಟ್ ಆಗಿ ಸೇರಿದವರು ನಿರ್ದೇಶಕರಾಗೋದು ಹೇಗೆ? ಬರೀ ಸೀನಿಯಾರಿಟಿನಾ?

ಐಸಿಎಂಆರ್ ಸಂಸ್ಥೆಗಳಲ್ಲಿ ಸೈಂಟಿಸ್ಟ್ ಬಿ ಇಂದ ಜಿ ವರೆಗೆ ಮೆಟ್ಟಿಲುಗಳಿವೆ. ನಿರ್ದೇಶಕ ಹುದ್ದೆಗೆ ಜಾಹೀರಾತು ಬರುತ್ತದೆ, ಹೊರಗಿನವರೂ ಅರ್ಜಿ ಹಾಕಬಹುದು, ಆಯ್ಕೆ ಸಮಿತಿ ಕರೆದು ಮಾತಾಡಿಸುತ್ತದೆ. ಹಾಗಾಗಿ ಸೀನಿಯಾರಿಟಿ ಒಂದರಿಂದಲೇ ಆಗುವುದಿಲ್ಲ.

ಈ ದಾರಿಯಲ್ಲಿ ದೂರ ನಡೆದವರನ್ನು ನೋಡಿದರೆ ಒಂದು ಸಾಮ್ಯ ಕಾಣುತ್ತದೆ: ಒಂದೇ ಪ್ರಶ್ನೆಯ ಹಿಂದೆ ವರ್ಷಗಟ್ಟಲೆ ಇದ್ದವರು ಅವರು. ವಿ. ರಾಮಲಿಂಗಸ್ವಾಮಿ 1956ರಲ್ಲಿ ಹಿಮಾಲಯದ ಕಾಂಗ್ರಾ ಕಣಿವೆಯಲ್ಲಿ ಒಂದು ಭಾಗಕ್ಕೆ ಮಾಮೂಲಿ ಉಪ್ಪು, ಉಳಿದ ಭಾಗಗಳಿಗೆ ಅಯೋಡಿನ್ ಬೆರೆಸಿದ ಉಪ್ಪು ಕೊಟ್ಟು ಗಳಗಂಡ ಇಳಿಯುತ್ತದೆಯೇ ಎಂದು ವರ್ಷಗಳ ಕಾಲ ನೋಡಿದರು. ಅದರ ಆಧಾರದ ಮೇಲೆ 1962ರಲ್ಲಿ ರಾಷ್ಟ್ರೀಯ ಗಳಗಂಡ ನಿಯಂತ್ರಣ ಕಾರ್ಯಕ್ರಮ ಬಂತು. ಅವರು ದೆಹಲಿಯ ಏಮ್ಸ್ ನಿರ್ದೇಶಕರಾದದ್ದು 1969ರಲ್ಲಿ, ಐಸಿಎಂಆರ್ ಮಹಾನಿರ್ದೇಶಕರಾದದ್ದು 1979ರಲ್ಲಿ. ಸೌಮ್ಯಾ ಸ್ವಾಮಿನಾಥನ್ 1992ರಲ್ಲಿ ಚೆನ್ನೈನ ಕ್ಷಯ ಸಂಶೋಧನಾ ಕೇಂದ್ರಕ್ಕೆ ಸೇರಿದ ಮಕ್ಕಳ ವೈದ್ಯೆ. ಅದೇ ಸಂಸ್ಥೆಯ ನಿರ್ದೇಶಕಿಯಾಗಿ, 2015ರಲ್ಲಿ ಐಸಿಎಂಆರ್ ಮುಖ್ಯಸ್ಥೆಯಾಗಿ, 2019ರಲ್ಲಿ ವಿಶ್ವ ಆರೋಗ್ಯ ಸಂಸ್ಥೆಯ ಮೊದಲ ಮುಖ್ಯ ವಿಜ್ಞಾನಿಯಾದರು. ಏಮ್ಸ್‌ನ ಮಕ್ಕಳ ವೈದ್ಯ ಎಂ.ಕೆ. ಭಾನ್ ಮತ್ತು ಸಂಗಡಿಗರಿಗೆ 1980ರ ದಶಕದಲ್ಲಿ ನವಜಾತ ಶಿಶುಗಳಲ್ಲಿ ಸಿಕ್ಕ ರೋಟಾವೈರಸ್ ತಳಿ ಸರ್ಕಾರದ ಲಸಿಕಾ ಕಾರ್ಯಕ್ರಮಕ್ಕೆ ಬಂದದ್ದು 2016ರಲ್ಲಿ. ನಡುವೆ 2004ರಿಂದ 2012ರವರೆಗೆ ಅವರು ಕೇಂದ್ರದ ಜೈವಿಕ ತಂತ್ರಜ್ಞಾನ ಇಲಾಖೆಯ ಕಾರ್ಯದರ್ಶಿಯಾಗಿದ್ದರು.

ಲಕ್ಷಗಟ್ಟಲೆ ಕೊಟ್ಟು ತಂದ ಯಂತ್ರ ಬಟ್ಟೆ ಹೊದ್ದು ಕೂತಿದೆ. ತಪ್ಪಿದ್ದು ಎಲ್ಲಿ?

ಹೆಚ್ಚಿನಂಶ ಟೆಂಡರ್ ಕಾಗದದಲ್ಲಿ. ಯಂತ್ರದ ಬೆಲೆ ಕೇಳುತ್ತಾರೆ, ಓಡಿಸುವ ಖರ್ಚು ಕೇಳುವುದಿಲ್ಲ. ವಾರಂಟಿ ಮುಗಿದ ಮೇಲಿನ ಐದು ವರ್ಷದ ನಿರ್ವಹಣಾ ದರವನ್ನು ಖರೀದಿಯ ಸಮಯದಲ್ಲೇ ಬರೆಸಿಕೊಳ್ಳಿ. ಆಮೇಲೆ ಕೇಳಿದರೆ ಅವರು ಹೇಳಿದ್ದೇ ದರ. ವಾರಂಟಿ ಶುರುವಾಗುವುದು ಪೆಟ್ಟಿಗೆ ಬಂದ ದಿನದಿಂದಲ್ಲ, ಯಂತ್ರ ನಿಲ್ಲಿಸಿ ಓಡಿಸಿ ತೋರಿಸಿದ ದಿನದಿಂದ ಎಂದು ಇರಬೇಕು. ಎಷ್ಟೋ ಕಡೆ ಎಸಿ ಇಲ್ಲ, ಅರ್ಥಿಂಗ್ ಸರಿಯಿಲ್ಲ ಎಂದು ಪೆಟ್ಟಿಗೆ ಎಂಟು ತಿಂಗಳು ವರಾಂಡದಲ್ಲಿರುತ್ತದೆ, ವಾರಂಟಿ ಅಲ್ಲೇ ಕರಗುತ್ತದೆ. ರಿಯೇಜೆಂಟ್ (ಪರೀಕ್ಷೆಗೆ ಬಳಸುವ ರಾಸಾಯನಿಕ) ಪೊಟ್ಟಣ ಒಡೆದರೆ ಎಷ್ಟು ದಿನ ಬರುತ್ತದೆ, ಅಷ್ಟರಲ್ಲಿ ನಮ್ಮಲ್ಲಿ ಎಷ್ಟು ಸ್ಯಾಂಪಲ್ ಬರುತ್ತವೆ ಎಂದು ಲೆಕ್ಕ ಹಾಕಿ. 100 ಪರೀಕ್ಷೆಯ ಪೊಟ್ಟಣದಲ್ಲಿ 12 ಮಾತ್ರ ಬಳಕೆಯಾಗುವುದಾದರೆ ಯಂತ್ರ ಬೇಡ, ಸ್ಯಾಂಪಲ್ ಹೊರಗೆ ಕಳಿಸುವುದೇ ಸರಿ. ಮತ್ತೆ, ಯಂತ್ರಕ್ಕೆ ಒಬ್ಬನಿಗೇ ತರಬೇತಿ ಕೊಡಿಸಬೇಡಿ. ಗುತ್ತಿಗೆಯ ಟೆಕ್ನಿಷಿಯನ್ ಕೆಲಸ ಬಿಟ್ಟ ದಿನ ಯಂತ್ರವೂ ನಿಲ್ಲುತ್ತದೆ.

ಮೈನಸ್ 80 ಫ್ರೀಜರ್‌ಗೆ ಜನರೇಟರ್ ಇದ್ದರೂ ಸ್ಯಾಂಪಲ್ ಕರಗಿಹೋಯ್ತು. ಏನು ಮಾಡಬೇಕಿತ್ತು?

ಜನರೇಟರ್ ಇದೆ ಎಂಬುದು ಸಾಲದು. ಆ ಫ್ರೀಜರ್‌ನ ಪ್ಲಗ್ ಜನರೇಟರ್ ಲೈನಿನಲ್ಲಿದೆಯೇ ಎಂದು ಮೇನ್ ಆಫ್ ಮಾಡಿ ನೋಡಬೇಕು. ಬೇಸಿಗೆಗೆ ಮುಂಚೆ ಗಾಳಿಯ ಫಿಲ್ಟರ್ ತೊಳೆಯಿಸಿ, ನಮ್ಮ ಕಡೆಯ ಧೂಳಿಗೆ ಅದು ಬೇಗ ಕಟ್ಟಿಕೊಳ್ಳುತ್ತದೆ. ಗೋಡೆಯಿಂದ ಗಾಳಿಯಾಡುವಷ್ಟು ದೂರ ಇಡಿ. ಅಲಾರಂ ಕೋಣೆಯಲ್ಲಿ ಕೂಗಿದರೆ ಭಾನುವಾರ ಯಾರಿಗೂ ಕೇಳಿಸದು. ಸಿಮ್ ಇರುವ ಅಲಾರಂ ಹಾಕಿಸಿ, ಮೂವರ ಫೋನಿಗೆ ಕರೆ ಹೋಗುವಂತೆ ಮಾಡಿ. ಒಬ್ಬ ವ್ಯಕ್ತಿಯ ಸೀರಂ ಅನ್ನು ಅರ್ಧ ಅರ್ಧ ಮಿಲಿಲೀಟರಿನ ಸಣ್ಣ ಟ್ಯೂಬ್‌ಗಳಾಗಿ ಹಂಚಿ, ಎರಡು ಬೇರೆ ಫ್ರೀಜರ್‌ಗಳಲ್ಲಿ ಇಡಿ. ಒಂದನ್ನು ಕರಗಿಸಿದಾಗ ಉಳಿದದ್ದು ಕೆಡುವುದಿಲ್ಲ.

ಎರಡನೇ ಕಂತು ಬರ್ತಾನೇ ಇಲ್ಲ. ಕೆಲಸ ಮಾತ್ರ ಚೆನ್ನಾಗಿ ನಡೀತಿದೆ.

ಮೊದಲು ಹಣ ಬಳಕೆ ಪ್ರಮಾಣಪತ್ರ, ನಾವೆಲ್ಲ ಯುಸಿ ಎನ್ನುವುದು, ಸರಿಯಾಗಿದೆಯೇ ನೋಡಿ. ಕೇಂದ್ರದ ಅನುದಾನಕ್ಕೆ ಅದು ಕೇಂದ್ರದ ಹಣಕಾಸು ನಿಯಮಗಳ ಜಿಎಫ್ಆರ್ 12-ಎ ನಮೂನೆಯಲ್ಲಿರಬೇಕು, ಖರ್ಚಿನ ಪಟ್ಟಿಯೊಂದಿಗೆ ಸಂಖ್ಯೆ ಪೈಸೆಗೂ ಹೊಂದಬೇಕು. ಬ್ಯಾಂಕಿನ ಬಡ್ಡಿ ತೋರಿಸದೆ ಬಿಡುವುದು ಬಹಳ ಸಾಮಾನ್ಯ ತಪ್ಪು. ಮಾರ್ಚ್ 28ಕ್ಕೆ ಯಂತ್ರ ಬಂದು ಬಿಲ್ ಪಾಸಾಗದಿದ್ದರೆ ಅದು ಆ ವರ್ಷದ ಖರ್ಚಲ್ಲ. ಪ್ರಯಾಣದ ಹಣದಲ್ಲಿ ಕೆಮಿಕಲ್ ಕೊಂಡಿದ್ದರೆ, ಮೊದಲೇ ಬರೆದು ಅನುಮತಿ ಪಡೆದಿರಬೇಕಿತ್ತು. ಕಂತು ತಡವಾದಾಗ ಮೊದಲು ಪೆಟ್ಟು ಬೀಳುವುದು ಹಳ್ಳಿ ಸುತ್ತುವ ಕ್ಷೇತ್ರ ಸಹಾಯಕರ ಸಂಬಳಕ್ಕೆ. ಮೂರು ತಿಂಗಳ ಸಂಬಳವನ್ನು ಸಂಸ್ಥೆಯಿಂದ ಮುಂಗಡವಾಗಿ ಕೊಟ್ಟು, ಕಂತು ಬಂದಾಗ ಮರಳಿ ಪಡೆಯುವ ವ್ಯವಸ್ಥೆಯನ್ನು ಆಡಳಿತ ಮಂಡಳಿಯಿಂದ ಬರಹದಲ್ಲಿ ಒಪ್ಪಿಸಿಕೊಳ್ಳುವುದು ನಿರ್ದೇಶಕರು ಮಾಡಬಹುದಾದ ಅತ್ಯಂತ ಉಪಯುಕ್ತ ಕೆಲಸಗಳಲ್ಲೊಂದು.

ಸಹೋದ್ಯೋಗಿಯೊಬ್ಬರು ಸುಳ್ಳು ಡೇಟಾ ಕಟ್ಟಿದ್ದಾರೆ ಅಂತ ಪಿಜಿ ಬಂದು ಹೇಳಿದ್ರೆ ನಿರ್ದೇಶಕರು ಮೊದಲು ಏನು ಮಾಡಬೇಕು?

ಆ ಸಹೋದ್ಯೋಗಿಯನ್ನು ಕರೆದು ಕೇಳುವುದು ಎರಡನೆಯ ಹೆಜ್ಜೆ. ಮೊದಲನೆಯದು ಮೂಲ ದಾಖಲೆ ಕಾಪಾಡುವುದು: ಲ್ಯಾಬ್ ಪುಸ್ತಕ, ಒಪ್ಪಿಗೆ ಪತ್ರಗಳು, ಯಂತ್ರದ ಮೆಮೊರಿಯಲ್ಲಿರುವ ಅಂಕಿಗಳು, ಎಕ್ಸೆಲ್ ಕಡತದ ಪ್ರತಿ, ಎಲ್ಲವನ್ನೂ ಅದೇ ದಿನ ಪಟ್ಟಿ ಮಾಡಿ, ಇಬ್ಬರ ಸಹಿಯೊಂದಿಗೆ ಬೀಗದಲ್ಲಿಡಿ. ತನಿಖಾ ಸಮಿತಿಯಲ್ಲಿ ಹೊರಗಿನ ತಜ್ಞರೊಬ್ಬರು ಇರಲಿ. ದೂರು ಕೊಟ್ಟ ಪಿಜಿಗೆ ಅದೇ ವಿಭಾಗದಲ್ಲಿ ಪರೀಕ್ಷೆ ಇರುತ್ತದೆ ಎಂಬುದನ್ನು ಮರೆಯಬೇಡಿ. ಗೈಡ್ ಬದಲಾವಣೆಯನ್ನು ತನಿಖೆ ಮುಗಿಯುವವರೆಗೆ ಕಾಯದೆ ಮಾಡಿಕೊಡಿ. ಆರೋಪ ನಿಜವಾದರೆ ಪತ್ರಿಕೆಗೆ ಬರೆದು ಲೇಖನ ಹಿಂಪಡೆಯಬೇಕು, ಎಥಿಕ್ಸ್ ಕಮಿಟಿಗೂ ಹಣ ಕೊಟ್ಟವರಿಗೂ ತಿಳಿಸಬೇಕು. ಸುಳ್ಳಾದರೆ ಆರೋಪ ಹೊತ್ತವರಿಗೆ ಅದನ್ನು ಸಂಸ್ಥೆಯ ಪತ್ರದಲ್ಲಿ ಬರೆದುಕೊಡಬೇಕು.

ಅವಧಿ ಮುಗೀತಾ ಬಂತು. ಮುಂದೆ ಬರೋರಿಗೆ ಏನೇನು ಒಪ್ಪಿಸಬೇಕು?

ಕೊನೆಯ ಆರು ತಿಂಗಳಲ್ಲಿ ಕಟ್ಟಡದ ಶಂಕುಸ್ಥಾಪನೆ ಇಟ್ಟುಕೊಳ್ಳಬೇಡಿ. ನಡೆಯುತ್ತಿರುವ ಪ್ರತಿ ಪ್ರಾಜೆಕ್ಟ್‌ಗೆ ಒಂದೇ ಪುಟ ಸಾಕು: ಮುಖ್ಯ ಸಂಶೋಧಕರು ಯಾರು, ಎಥಿಕ್ಸ್ ಅನುಮತಿ ಯಾವಾಗ ಮುಗಿಯುತ್ತದೆ, ಯಾವ ಕಂತು ಬಾಕಿ, ಯಾವ ಯುಸಿ ಬಾಕಿ, ಸ್ಯಾಂಪಲ್ ಯಾವ ಫ್ರೀಜರಿನ ಯಾವ ಹಲಗೆಯಲ್ಲಿದೆ. ಯಂತ್ರಗಳ ನಿರ್ವಹಣಾ ಒಪ್ಪಂದ ಮುಗಿಯುವ ದಿನಾಂಕಗಳ ಪಟ್ಟಿ. ಆಡಿಟ್ ಆಕ್ಷೇಪಣೆಗಳು ಮತ್ತು ಕೊಟ್ಟ ಉತ್ತರಗಳು. ಗುತ್ತಿಗೆ ನೌಕರರ ಅವಧಿ ಮುಗಿಯುವ ದಿನಾಂಕ. ಕಂಪ್ಯೂಟರ್, ದತ್ತಾಂಶ ಸರ್ವರ್, ಸಂಸ್ಥೆಯ ಮೇಲ್ ಖಾತೆಗಳ ಪಾಸ್‌ವರ್ಡ್ ನಿಮ್ಮ ಹೆಸರಿನಲ್ಲಿದ್ದರೆ ಹುದ್ದೆಯ ಹೆಸರಿಗೆ ಬದಲಿಸಿ. ಹಳ್ಳಿಗಳಲ್ಲಿ ಕೊಟ್ಟ ಮಾತುಗಳ ಪಟ್ಟಿಯನ್ನೂ ಸೇರಿಸಿ: ಯಾವ ಊರಿಗೆ ರಿಪೋರ್ಟ್ ಕೊಡುವುದು ಬಾಕಿ, ಯಾವ ಗ್ರಾಮ ಪಂಚಾಯ್ತಿಗೆ ನೀರಿನ ಫಲಿತಾಂಶ ತಿಳಿಸುತ್ತೇವೆ ಎಂದು ಹೇಳಿದ್ದೀರಿ, ಯಾವ ದಿನದೊಳಗೆ.